ಬೆನ್ನು ಮುಂದೆ, ಬಾಯಿ ಹಿಂದೆ

ಎರಡು ವರ್ಷದಿಂದ ಒಂದು ಪ್ರಶ್ನೆ ನನ್ನ ಜೊತೆಗೇ ಇದೆ. ಚೌರದ ಕತ್ತಿಯ ಹರಿತ ಎಲ್ಲಿ ಹೋಗುತ್ತದೆ? ಗಡ್ಡದಲ್ಲಿ ಹೋಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಕೂದಲು ಕೊಯ್ದು ಕೊಯ್ದು ಕತ್ತಿ ಮೊಂಡಾಗುತ್ತದೆ, ಆಮೇಲೆ ಮಸೆಯಬೇಕು, ಇದರಲ್ಲಿ ಕೇಳುವುದಕ್ಕೆ ಏನಿದೆ ಅಂತ. ಈಗ ಹಾಗೆ ಅನಿಸುವುದಿಲ್ಲ. ನನ್ನ ಕೈಯಲ್ಲಿ ಕತ್ತಿ ಕೆಟ್ಟಿದ್ದೆಲ್ಲ ಒಂದು ಎಳೆತಕ್ಕೂ ಇನ್ನೊಂದು ಎಳೆತಕ್ಕೂ ನಡುವೆ. ಕೆನ್ನೆಯಿಂದ ತೆಗೆದು, ನೊರೆ ತೊಳೆದು, ಮತ್ತೆ ಕೆನ್ನೆಗೆ ತರುವ ಆ ನಾಲ್ಕೈದು ಸೆಕೆಂಡಿನಲ್ಲಿ.

ಕತ್ತಿ ಅಪ್ಪನದು. ಪ್ರಾಯದಲ್ಲಿ ಅಪ್ಪ ಮುಂಬೈಯಲ್ಲಿ ಹೋಟೆಲೊಂದರ ಗಲ್ಲೆಯ ಮೇಲೆ ಕುಳಿತು ಆರು ವರ್ಷ ದುಡಿದವರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇಂಥವರು ಒಬ್ಬರಾದರೂ ಇರುತ್ತಾರೆ, ಅಲ್ವಾ. 1969ರಲ್ಲಿ ಊರಿಗೆ ವಾಪಸು ಬರುವಾಗ ಒಂದು ಟ್ರಂಕು, ಒಂದು ಟ್ರಾನ್ಸಿಸ್ಟರು, ಈ ಕತ್ತಿ ತಂದರು. ಮಡಚುವ ಕತ್ತಿ. ಕಪ್ಪು ಹಿಡಿಕೆ. ಅಲಗಿನ ಬುಡದಲ್ಲಿ ಸೋಲಿಂಗೆನ್ ಅಂತ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಸೋಲಿಂಗೆನ್ ಅನ್ನುವುದು ಕತ್ತಿ ಚಾಕುಗಳಿಗೆ ಹೆಸರಾದ ಜರ್ಮನಿಯ ಊರು. ಬೇರೆ ಕಡೆ ಮಾಡಿದ ಮಾಲಿನ ಮೇಲೆ ಆ ಊರಿನ ಹೆಸರು ಹಾಕಬಾರದು ಅಂತ 1938ರಲ್ಲಿ ಅಲ್ಲಿ ಕಾನೂನನ್ನೇ ಮಾಡಿದರು. ಅಪ್ಪನಿಗೆ ಆಗ ಇದೆಲ್ಲ ಗೊತ್ತಿರಲಿಲ್ಲ. ಅಂಗಡಿಯವನು ಒಳ್ಳೆಯದು ಅಂದ, ತಗೊಂಡರು. ನಲವತ್ತೈದು ವರ್ಷ ಅದರಲ್ಲೇ ಗಡ್ಡ ತೆಗೆದರು. ಆಮೇಲೆ ಕೈ ನಡುಗುವುದಕ್ಕೆ ಶುರುವಾಯಿತು. ಒಂದು ದಿನ ಕತ್ತಿ ಒರೆಸಿ, ಎಣ್ಣೆ ಹಚ್ಚಿ, ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಬಿಟ್ಟರು. ನಾನು ಬ್ಯಾಟರಿಯ ಟ್ರಿಮ್ಮರ್ ತಂದುಕೊಟ್ಟೆ. ಅದನ್ನು ಅವರು ಯಾವತ್ತೂ ಇಷ್ಟಪಡಲಿಲ್ಲ, ಆದರೆ ಬೇಡ ಅಂತಲೂ ಹೇಳಲಿಲ್ಲ.

ಅಂಕೋಲೆಯ ಹತ್ತಿರದ ಹಳ್ಳಿಯ ಮನೆಯಿಂದ ಅವರನ್ನು ಕಾರವಾರಕ್ಕೆ, ಕೋಡಿಬಾಗದ ನಮ್ಮ ಮನೆಗೆ ಕರೆದುಕೊಂಡು ಬಂದಾಗ ಟ್ರಂಕೂ ಬಂತು. ಅದರ ಜೊತೆ ಕತ್ತಿಯೂ. ನೀವು ಉಪಯೋಗಿಸುವುದಿಲ್ಲ ಅಂದರೆ ನಾನು ತಗೊಳ್ಳಲಾ ಅಂತ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಯ್ತು, ಹುಷಾರು ಅಂದರು. ಹುಷಾರು ಅಂದದ್ದು ನನ್ನ ಕೆನ್ನೆಗೆ ಅಂತ ತಿಳಿದುಕೊಂಡೆ.

ಆ ಸದ್ದು

ಮೂರನೇ ವಾರ ಇರಬೇಕು. ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿ. ಬಲಗೆನ್ನೆ ಮುಗಿದಿತ್ತು. ಅಲಗಿನ ತುಂಬ ನೊರೆ. ನಲ್ಲಿ ಬಿಟ್ಟೇ ಇತ್ತು. ಕತ್ತಿಯನ್ನು ನೀರಿಗೆ ಹಿಡಿದು, ಒಂದು ಸಲ ಅತ್ತ ಇತ್ತ ಆಡಿಸಿ ಹೊರಗೆ ತೆಗೆಯುವಾಗ ಟಿಣ್ ಅಂತ ಒಂದು ಸದ್ದು ಬಂತು. ಚಮಚ ಲೋಟಕ್ಕೆ ತಾಗಿದರೆ ಬರುತ್ತದಲ್ಲ, ಅದಕ್ಕಿಂತಲೂ ಸಣ್ಣದು. ನಾನು ಗಮನ ಕೊಡದೆ ಎಡಗೆನ್ನೆಗೆ ಹೋಗುವವನಿದ್ದೆ. ಹೊರಗೆ ಜಗಲಿಯಿಂದ ಅಪ್ಪನ ಧ್ವನಿ ಬಂತು. "ತಾಗ್ತಾ?"

ಒಂದೇ ಶಬ್ದ. ಬಾಗಿಲು ಹಾಕಿತ್ತು, ಜಗಲಿಯಲ್ಲಿ ರೇಡಿಯೋ ಹಾಡುತ್ತಿತ್ತು. ಅಷ್ಟರ ನಡುವೆಯೂ ಅವರಿಗೆ ಆ ಸದ್ದು ಕೇಳಿಸಿತ್ತು. ಏನೂ ಆಗಿಲ್ಲ ಅಪ್ಪಾ ಅಂದೆ. ನೋಡಿದರೆ ಏನೂ ಆಗಿರಲೂ ಇಲ್ಲ. ಅಲಗು ಮೊದಲಿನ ಹಾಗೇ ಹೊಳೆಯುತ್ತಿತ್ತು. ಎಡಗೆನ್ನೆಯ ಮೇಲೆ ಇಟ್ಟು ಎಳೆದಾಗ ಗೊತ್ತಾಯಿತು. ಒಂದು ಜಾಗದಲ್ಲಿ ಏನೋ ಹಿಡಿದು ಎಳೆದ ಹಾಗೆ. ಗೀರು ಬಿತ್ತು, ಉದ್ದಕ್ಕೆ, ಕೂದಲಿನಷ್ಟು ತೆಳ್ಳಗೆ. ಕೂಡಲೇ ರಕ್ತ ಬರಲಿಲ್ಲ, ಆಮೇಲೆ ಬಂತು.

ಸಂಜೆ ಅಪ್ಪ ಹತ್ತಿ ತರಲು ಹೇಳಿದರು. ದೀಪದ ಬತ್ತಿಗೆ ಇಟ್ಟ ಹತ್ತಿಯನ್ನು ಸ್ವಲ್ಪ ಹಿಂಜಿ, ಕತ್ತಿಯ ಬಾಯಿಯ ಉದ್ದಕ್ಕೂ ಹಗುರಾಗಿ ತಾಗಿಸುತ್ತ ಹೋದರು. ನಡುಗುವ ಕೈಯೇ, ಆದರೂ ಹತ್ತಿಯ ತೂಕ ಎಷ್ಟು ಅಂತ. ಮುಕ್ಕಾಲು ಭಾಗ ಸಲೀಸಾಗಿ ಹೋಯಿತು. ತುದಿಯಿಂದ ಎರಡು ಬೆರಳು ಈಚೆ ಒಂದು ಎಳೆ ಸಿಕ್ಕಿಕೊಂಡು ನಿಂತಿತು. ಕಣ್ಣಿಗೆ ಕಾಣದ ಮುಕ್ಕು. ಅಪ್ಪ ಬೈಯಲಿಲ್ಲ. ಹತ್ತಿಯ ಎಳೆಯನ್ನು ಬಿಡಿಸಿ, ಕತ್ತಿ ಮಡಚಿ ನನ್ನ ಕೈಯಲ್ಲಿ ಕೊಟ್ಟರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಯಾಕೆ ಹಾಗಾಯಿತು ಅಂತ ಆಮೇಲೆ ತುಂಬ ಯೋಚಿಸಿದ್ದೇನೆ. ಗಡಿಬಿಡಿ ಒಂದು ಕಾರಣ, ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ನನ್ನ ಕೈಗೆ ಮೂವತ್ತು ವರ್ಷದಿಂದ ಬಿದ್ದ ರೂಢಿ. ಕಾಲೇಜಿನ ದಿನದಿಂದಲೂ ಬ್ಲೇಡು ಸಿಕ್ಕಿಸುವ ರೇಜರ್‌ನಲ್ಲೇ ಗಡ್ಡ ತೆಗೆದವನು ನಾನು. ನೊರೆ ತುಂಬಿದರೆ ನಲ್ಲಿಯ ಕೆಳಗೆ ಹಿಡಿಯುವುದು, ಬೇಸಿನ್ನಿನ ಅಂಚಿಗೆ ಟಕ್ ಟಕ್ ಅಂತ ಕುಟ್ಟುವುದು, ಮತ್ತೆ ಕೆನ್ನೆಗೆ. ಆ ರೇಜರ್‌ಗೆ ಏನೂ ಆಗುವುದಿಲ್ಲ. ಬ್ಲೇಡಿನ ಎದುರಿಗೆ ಒಂದು ಲೋಹದ ತಡೆ ಇರುತ್ತದೆ, ಕುಟ್ಟಿದರೂ ಬಾಯಿಗೆ ಪೆಟ್ಟು ಬೀಳುವುದು ಕಡಿಮೆ. ಬಿದ್ದರೂ ಚಿಂತೆ ಇಲ್ಲ, ನಾಳೆ ಹೊಸ ಬ್ಲೇಡು. ಜಿಲೆಟ್ ಕಂಪನಿ ಅಮೆರಿಕದಲ್ಲಿ ಇಂಥ ರೇಜರ್ ಮಾರುವುದಕ್ಕೆ ಶುರುಮಾಡಿದ್ದು 1903ರಲ್ಲಿ, ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಅದರಿಂದ ಗಂಡಸರ ಕೆನ್ನೆ ಉಳಿಯಿತು ಅಂತ ಎಲ್ಲರೂ ಹೇಳುತ್ತಾರೆ. ಅದರ ಜೊತೆ ಇನ್ನೊಂದು ಬದಲಾವಣೆಯೂ ಆಯಿತು ಅಂತ ನನಗೆ ಅನಿಸುತ್ತದೆ. ಹರಿತವನ್ನು ಕಾಯುವ ಕೆಲಸ ಮನೆಯಿಂದ ಹೊರಗೆ ಹೋಯಿತು. ಮೊಂಡಾಯಿತಾ, ಎಸೆ. ಅಪ್ಪನ ಕೈ ಕಲಿತ ಜಾಗ್ರತೆಯನ್ನು ನನ್ನ ಕೈ ಕಲಿಯುವ ಪ್ರಸಂಗವೇ ಬರಲಿಲ್ಲ.

ಕತ್ತಿಗೂ ಬಾಯಿ ಇದೆ

ನಮ್ಮ ಭಾಷೆಯಲ್ಲಿ ಕತ್ತಿಗೆ ಬಾಯಿ ಇದೆ, ಬೆನ್ನು ಇದೆ. ಕೊಯ್ಯುವ ಕಡೆ ಬಾಯಿ, ದಪ್ಪ ಕಡೆ ಬೆನ್ನು. ಚೌರದ ಕತ್ತಿಯಲ್ಲಿ ಈ ಎರಡರ ನಡುವೆ ಅಲಗನ್ನು ಎರಡೂ ಬದಿಯಿಂದ ಒಳಕ್ಕೆ ಕೆರೆದು ತೆಳ್ಳಗೆ ಮಾಡಿರುತ್ತಾರೆ, ಹೊಟ್ಟೆ ಒಳಗೆ ಹೋದ ಹಾಗೆ. ಬೆನ್ನು ಐದಾರು ಮಿಲಿಮೀಟರ್ ದಪ್ಪ ಇದ್ದರೆ ಬಾಯಿ ಒಂದು ಮೈಕ್ರಾನ್‌ಗಿಂತಲೂ ಕಡಿಮೆ. ನಮ್ಮ ತಲೆಕೂದಲು 50ರಿಂದ 100 ಮೈಕ್ರಾನ್ ದಪ್ಪ ಇರುತ್ತದೆ ಅಂದರೆ ಅಂದಾಜು ಸಿಗುತ್ತದೆ. ಉಕ್ಕು ಗಟ್ಟಿ, ಅದಕ್ಕೇ ಹರಿತ ನಿಲ್ಲುತ್ತದೆ. ಆದರೆ ಅಷ್ಟು ಗಟ್ಟಿ ಇರುವ ಉಕ್ಕು ಅಷ್ಟು ತೆಳ್ಳಗಾದಾಗ ಪೆಟ್ಟು ತಡೆಯುವುದಿಲ್ಲ. ಹಿತ್ತಾಳೆಯ ನಲ್ಲಿಗೆ ತಾಗಿದರೆ ಸಾಕು. ಒಂದೋ ಬಾಯಿ ಮಡಚಿಕೊಳ್ಳುತ್ತದೆ, ಇಲ್ಲ ಚೂರು ಹಾರಿಹೋಗುತ್ತದೆ.

ಹಾಗಾದರೆ ಗಡ್ಡದಿಂದ ಏನೂ ಆಗುವುದಿಲ್ಲವಾ? ಆಗುತ್ತದೆ. ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು ಇದನ್ನೇ ಹಿಡಿದು ಕೆಲಸ ಮಾಡಿ 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಬ್ಲೇಡಿನ ಉಕ್ಕಿಗಿಂತ ಕೂದಲು ಸುಮಾರು 50 ಪಟ್ಟು ಮೆದು, ಆದರೂ ಬ್ಲೇಡು ಮೊಂಡಾಗುವುದು ಯಾಕೆ ಅನ್ನುವುದು ಅವರ ಪ್ರಶ್ನೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಳಗೆ ಕೂದಲು ಕೊಯ್ಯುತ್ತ ನೋಡಿದರು. ಬಾಯಿ ನಿಧಾನಕ್ಕೆ ಸವೆದು ಗುಂಡಾಗುವುದಕ್ಕಿಂತ ಜಾಸ್ತಿ, ಅಲ್ಲಲ್ಲಿ ಸಣ್ಣ ಚೂರು ಹಾರಿ ಮುಕ್ಕಾಗುತ್ತಿತ್ತು. ಅದೂ ಎಲ್ಲ ಕಡೆ ಅಲ್ಲ. ಕೂದಲು ಬಾಗಿ ಬಾಯಿಗೆ ಓರೆಯಾಗಿ ಸಿಕ್ಕಬೇಕು, ಉಕ್ಕಿನ ಒಳರಚನೆ ಆ ಜಾಗದಲ್ಲಿ ಒಂದೇ ಸಮ ಇರಬಾರದು, ಅಲ್ಲಿ ಬಾಯಿ ದುರ್ಬಲ ಇರಬೇಕು. ಇಷ್ಟೂ ಸೇರಿದರೆ ಕೂದಲೂ ಉಕ್ಕನ್ನು ಮುರಿಯುತ್ತದೆ. ಅವರು ನೋಡಿದ್ದು ಬಿಸಾಕುವ ಬ್ಲೇಡನ್ನು, ಅಪ್ಪನ ಕತ್ತಿಯಂಥದ್ದನ್ನಲ್ಲ. ಆದರೆ ಓದಿದಾಗ ನನಗೆ ನಲ್ಲಿಯ ಸದ್ದೇ ನೆನಪಾಯಿತು. ದುರ್ಬಲ ಜಾಗ ಬೇಕು ಅಂದರಲ್ಲ, ಅದನ್ನು ನಾನೇ ಮಾಡಿಕೊಟ್ಟಿದ್ದೆ.

ಮುಕ್ಕನ್ನು ತೆಗೆಯುವುದು ಹೇಗೆ? ಕಾರವಾರದ ಸಲೂನ್‌ಗಳಲ್ಲಿ ಕೇಳಿದೆ. ಈಗ ಎಲ್ಲರ ಹತ್ತಿರವೂ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ. ಒಬ್ಬೊಬ್ಬರಿಗೂ ಹೊಸ ಬ್ಲೇಡು ಮುರಿದು ಹಾಕುತ್ತಾರೆ. ಅದು ಸರಿಯೇ, ಹಾಗೇ ಇರಬೇಕು. ರಕ್ತದಿಂದ ಹರಡುವ ಕಾಯಿಲೆಗಳ ವಿಷಯ ಗೊತ್ತಾದ ಮೇಲೆ ಒಂದೇ ಕತ್ತಿಯನ್ನು ಹತ್ತು ಜನರಿಗೆ ಬಳಸುವುದು ಯಾರಿಗೂ ಬೇಡ. ಆದರೆ ಮಸೆಯುವವರು ಯಾರೂ ಉಳಿದಿಲ್ಲ. ರಸ್ತೆಯಲ್ಲಿ ಸೈಕಲ್ಲಿನ ಚಕ್ರಕ್ಕೆ ಸಾಣೆ ಹಿಡಿಯುವವರಿಗೆ ಕೊಡಲಾ ಅಂದರೆ ಅಪ್ಪ ಬೇಡವೇ ಬೇಡ ಅಂದರು. ಈಳಿಗೆಗೆ, ಕತ್ತರಿಗೆ ಅದು ಸರಿ. ಚೌರದ ಕತ್ತಿಯ ಬಾಯಿ ಆ ಚಕ್ರದ ಬಿಸಿಗೆ ಒಂದೇ ಕ್ಷಣದಲ್ಲಿ ನೀಲಿಯಾಗುತ್ತದೆ. ಸುಮಾರು 300 ಡಿಗ್ರಿ ಮುಟ್ಟಿದರೆ ಬರುವ ಬಣ್ಣ ಅದು. ಆ ಬಣ್ಣ ಬಂತು ಅಂದರೆ ಕೊಟ್ಟ ಹದ ಹೋಯಿತು, ಮತ್ತೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಕೊನೆಗೆ ನಾನೇ ಕಲ್ಲು ತರಿಸಿದೆ. 1000ದ್ದು, 4000ದ್ದು, 8000ದ್ದು; ಸಂಖ್ಯೆ ಹೆಚ್ಚಾದಷ್ಟೂ ಕಲ್ಲು ನುಣುಪು. ಬೆನ್ನೂ ಬಾಯಿಯೂ ಎರಡೂ ಕಲ್ಲಿಗೆ ತಾಗುವ ಹಾಗೆ ಅಲಗನ್ನು ಪೂರ್ತಿ ಮಲಗಿಸಿ ಮಸೆಯಬೇಕು. ಕೋನ ಎಷ್ಟು ಅಂತ ನಾವು ಲೆಕ್ಕ ಹಾಕುವುದು ಬೇಡ, ಬೆನ್ನಿನ ದಪ್ಪವೇ ಅದನ್ನು ನಿಶ್ಚಯಿಸುತ್ತದೆ. ಮುಕ್ಕು ಇರುವುದು ಒಂದೇ ಜಾಗದಲ್ಲಾದರೂ ಅದು ಹೋಗುವವರೆಗೆ ಇಡೀ ಬಾಯಿಯನ್ನು ಸವೆಸಬೇಕು. ಮೂರು ಭಾನುವಾರ ಹಿಡಿಯಿತು. ಕಲ್ಲಿನ ಮೇಲೆ ಕಪ್ಪು ನೀರು ನಿಲ್ಲುತ್ತಿತ್ತು. ಅದೆಲ್ಲ ಅಪ್ಪನ ಕತ್ತಿಯ ಉಕ್ಕು. ನಲವತ್ತೈದು ವರ್ಷ ಅವರು ಉಳಿಸಿಕೊಂಡು ಬಂದದ್ದನ್ನು ನಾನು ಒಂದು ಟಿಣ್‌ಗೆ ತೊಳೆದು ಬಿಡುತ್ತಿದ್ದೆ.

ಹಡಪದ ಅಜ್ಜ

ಆ ಮೂರು ಭಾನುವಾರವೂ ನನಗೆ ನೆನಪಾಗುತ್ತಿದ್ದದ್ದು ಊರಿನಲ್ಲಿ ಕ್ಷೌರಕ್ಕೆ ಬರುತ್ತಿದ್ದ ಅಜ್ಜ. ನನಗಾಗ ಎಂಟೊಂಬತ್ತು ವರ್ಷ. ಹದಿನೈದು ದಿನಕ್ಕೊಮ್ಮೆ ಭಾನುವಾರ ಬರುತ್ತಿದ್ದರು. ಬಗಲಲ್ಲಿ ಹಡಪ, ಮಳೆಗಾಲ ಆದರೆ ತಲೆಯ ಮೇಲೆ ಗೋಣಿಕೊಪ್ಪೆ. ದುಡ್ಡು ಅಂತ ಕೊಟ್ಟಿದ್ದು ನಾನು ನೋಡಿಲ್ಲ. ಕೊಯ್ಲು ಮುಗಿದ ಮೇಲೆ ಭತ್ತ, ನಡುನಡುವೆ ತೆಂಗಿನಕಾಯಿ, ಮೇ ತಿಂಗಳಲ್ಲಿ ನಮ್ಮ ಮರದ ಕರಿ ಇಶಾಡ್ ಮಾವಿನಹಣ್ಣು. ಅಜ್ಜಿ ಆ ಹಣ್ಣನ್ನು ಅವರಿಗೆ ಅಂತಲೇ ಹುಲ್ಲಿನಲ್ಲಿ ಮುಚ್ಚಿಡುತ್ತಿದ್ದಳು.

ಜಗಲಿಯ ಮೇಲೆ ಮಣೆ ಹಾಕಿ ಒಬ್ಬೊಬ್ಬರನ್ನೇ ಕೂರಿಸುತ್ತಿದ್ದರು. ಹಡಪ ಬಿಚ್ಚಿದರೆ ಎರಡು ಕತ್ತಿ, ಕತ್ತರಿ, ಬಾಚಣಿಗೆ, ಕತ್ತಿಯ ಹರಿತ ತಿದ್ದುವ ಒಂದು ಚರ್ಮದ ಪಟ್ಟಿ, ನಡುವೆ ತಗ್ಗು ಬಿದ್ದ ಮಸೆಗಲ್ಲು, ಪಾದರಸ ಹೋದ ಕನ್ನಡಿ, ಒಂದು ಹಿತ್ತಾಳೆ ಬಟ್ಟಲು. ಬಟ್ಟಲಿಗೆ ಬಿಸಿನೀರು ತಂದುಕೊಡುವ ಕೆಲಸ ನನ್ನದು. ಸಾಬೂನು ಹಚ್ಚುವ ಮೊದಲು ಬರೀ ನೀರಿನಲ್ಲೇ ಗಡ್ಡ ಉಜ್ಜುತ್ತಿದ್ದರು, ನೋಡುವವರಿಗೆ ಬೇಸರ ಬರುವಷ್ಟು ಹೊತ್ತು. "ನೆನೀಬೇಕು ತಮಾ, ನೆನದ್ರೆ ಅರ್ಧ ಕೆಲಸ ಆದ ಹಾಗೆ" ಅನ್ನುತ್ತಿದ್ದರು. ನೀರು ಕುಡಿದ ಕೂದಲು ಮೆದುವಾಗುತ್ತದೆ ಅನ್ನುವುದಕ್ಕೆ ಅವರಿಗೆ ಯಾವ ಮೈಕ್ರೋಸ್ಕೋಪೂ ಬೇಕಿರಲಿಲ್ಲ.

ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದದ್ದು ಅವರ ಎಡಗೈಯನ್ನು. ಒಂದು ಎಳೆತ ಎಳೆದು, ಅಲಗಿನ ಮೇಲೆ ಬಂದ ನೊರೆಯನ್ನು ಎಡಗೈಯ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಒರೆಸುತ್ತಿದ್ದರು. ಅಲಗನ್ನು ಮಲಗಿಸಿ, ಬೆನ್ನು ಮುಂದೆ ಮಾಡಿ, ಹಗುರಾಗಿ. ಇನ್ನೊಂದು ಎಳೆತ, ಅದರ ಪಕ್ಕದಲ್ಲಿ ಇನ್ನೊಂದು ಗೆರೆ ನೊರೆ. ಹೀಗೆ ಮೊಣಕೈಯ ಕಡೆಗೆ ಒಂದರ ಹಿಂದೆ ಒಂದು, ಗದ್ದೆಯ ಹಾಳಿಯ ಹಾಗೆ, ಬಿಳಿ ನೊರೆಯ ಗೆರೆಗಳು. ನೊರೆಯಲ್ಲಿ ಕಪ್ಪು ಬಿಳಿ ಕೂದಲಿನ ಪುಡಿ. ನಾಲ್ಕೈದು ಗೆರೆ ಆದಮೇಲೆ ಕತ್ತಿಯ ಬೆನ್ನಿನಿಂದಲೇ ಅಷ್ಟನ್ನೂ ಒಟ್ಟುಮಾಡಿ, ಬೆರಳಿಗೆ ತೆಗೆದು, ಅಂಗಳದ ದಾಸವಾಳದ ಬುಡಕ್ಕೆ ಬಿಸಾಕುತ್ತಿದ್ದರು. ಇಷ್ಟೂ ಹೊತ್ತು ಕತ್ತಿ ಒಮ್ಮೆಯೂ ಬಟ್ಟಲಿಗೆ ಹೋಗುತ್ತಿರಲಿಲ್ಲ. ಬಟ್ಟಲಿಗೆ ಹೋಗುತ್ತಿದ್ದದ್ದು ಅವರ ಬೆರಳು ಮಾತ್ರ.

ಒಂದು ಆಷಾಢದ ಭಾನುವಾರ, ಹೊರಗೆ ಮಳೆ ಹೊಯ್ಯುತ್ತಿತ್ತು, ನಾನು ಕೇಳಿದೆ. ಅಜ್ಜಾ, ಎದುರಿಗೇ ನೀರಿದೆಯಲ್ಲ, ಕತ್ತಿ ಅದರಲ್ಲಿ ಅದ್ದಿ ತೊಳೆದರೆ ಬೇಗ ಆಗುವುದಿಲ್ಲವಾ? ಅವರು ಅಪ್ಪನ ಗಲ್ಲ ಹಿಡಿದುಕೊಂಡಿದ್ದರು. ಕೈ ನಿಲ್ಲಿಸಿದರು. ಮಾತಾಡುವಾಗ ಅವರು ಯಾವತ್ತೂ ಕತ್ತಿ ಆಡಿಸುತ್ತಿರಲಿಲ್ಲ. "ತಮಾ, ಬಟ್ಟಲಿಗೂ ಬಾಯಿ ಇದೆ, ಕತ್ತಿಗೂ ಬಾಯಿ ಇದೆ. ಎರಡು ಬಾಯಿ ಹತ್ರ ಬಂದ್ರೆ ಜಗಳ ಆಗ್ತದೆ" ಅಂದರು. ಅಪ್ಪನಿಗೆ ನಗು ಬಂತು, ಆದರೆ ಮುಖದ ತುಂಬ ನೊರೆ, ಗಂಟಲ ಹತ್ತಿರ ಕತ್ತಿ. ಕಣ್ಣಿನಲ್ಲೇ ನಕ್ಕರು.

ನನ್ನ ನಲ್ಲಿಗೂ ಬಾಯಿ ಇತ್ತು. ಆ ಮಾತು ನಲವತ್ತು ವರ್ಷ ಸುಮ್ನೆ ನೆನಪಿನಲ್ಲಿ ಇತ್ತು, ಕೈಗೆ ಬಂದಿರಲಿಲ್ಲ.

ನಾನು ಮಾಡಿ ನೋಡಿದ್ದು

ಕತ್ತಿ ಸರಿಯಾದ ಮೇಲೆ ತೊಳೆಯುವುದನ್ನೇ ಒಂದು ಕೆಲಸ ಅಂತ ತಿಳಿದು ಕಲಿಯಲು ಕುಳಿತೆ. ಅಷ್ಟು ಹೊತ್ತಿಗೆ ನನಗಂತ ಬೇರೆ ಕತ್ತಿ ತಗೊಂಡಿದ್ದೆ. ಅಪ್ಪನ ಕತ್ತಿಯ ಮೇಲೆ ಪ್ರಯೋಗ ಮಾಡುವ ಧೈರ್ಯ ಇರಲಿಲ್ಲ.

ನಲ್ಲಿಯ ಕೆಳಗೆ ತೊಳೆಯಲೇಬೇಕು ಅನ್ನುವವರಿಗೆ ಮೊದಲು ಹೇಳುವುದು, ನಲ್ಲಿಯಿಂದ ಒಂದು ಗೇಣು ಕೆಳಗೆ ಹಿಡಿಯಿರಿ. ನೀರು ಸಣ್ಣಗೆ ಬೀಳಲಿ. ಬೆನ್ನು ಮೇಲಕ್ಕೆ, ಬಾಯಿ ಕೆಳಕ್ಕೆ, ನೀರು ಬೆನ್ನಿಗೆ ಬಿದ್ದು ಅಲಗಿನ ಮೇಲಿಂದ ಬಾಯಿಯ ಕಡೆಗೆ ಇಳಿದು ಹೋಗಬೇಕು. ನೊರೆ ತಾನೇ ಜಾರುತ್ತದೆ. ಕತ್ತಿಯನ್ನು ಆಡಿಸುವ ಅಗತ್ಯ ಇಲ್ಲ, ಕೊಡವುವ ಅಗತ್ಯ ಅಂತೂ ಇಲ್ಲವೇ ಇಲ್ಲ. ನೀರು ಹಾರಲಿ ಅಂತ ಕೈ ಕೊಡವುತ್ತೇವಲ್ಲ, ಆಗಲೇ ಜಾಸ್ತಿ ಅಪಾಯ. ಕತ್ತಿ ಎಲ್ಲಿದೆ ಅನ್ನುವುದು ಕೈಗೆ ಗೊತ್ತಿರುತ್ತದೆ, ಅದರ ತುದಿ ಎಲ್ಲಿದೆ ಅನ್ನುವುದು ಗೊತ್ತಿರುವುದಿಲ್ಲ. ನನಗೆ ಅವತ್ತು ತಾಗಿದ್ದೂ ತುದಿಯ ಹತ್ತಿರವೇ. ನಲ್ಲಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ ನೋಡಿದೆ, ಸ್ವಲ್ಪ ಭಯ ಕಡಿಮೆಯಾಯಿತು. ಆದರೆ ಬೇಸಿನ್ನಿನ ಪಿಂಗಾಣಿ ಇದೆಯಲ್ಲ, ಅದು ಹಿತ್ತಾಳೆಗಿಂತಲೂ ಗಟ್ಟಿ.

ನೀರಿನ ಪಾತ್ರೆಯಲ್ಲಿ ಅದ್ದಿ ಅಲ್ಲಾಡಿಸುವುದು ಇನ್ನೊಂದು ದಾರಿ. ಸ್ಟೀಲಿನ ಚೊಂಬು ಬೇಡ, ಅದರ ಕಂಠ ಕಿರಿದು. ಅಗಲದ, ಆಳದ ಪ್ಲಾಸ್ಟಿಕ್ ಡಬ್ಬಿ ಆದರೆ ಪರವಾಗಿಲ್ಲ. ಆದರೂ ಎರಡು ಎಳೆತದ ಹೊತ್ತಿಗೆ ನೀರು ಬೆಳ್ಳಗಾಗಿ ತಳ ಕಾಣುವುದಿಲ್ಲ. ಕಾಣದ ಕಡೆ ಕತ್ತಿ ಅದ್ದುವುದು ನನ್ನಿಂದ ಆಗಲಿಲ್ಲ.

ನನಗೆ ಹಿಡಿಸಿದ್ದು ಬಟ್ಟೆ. ಟರ್ಕಿ ಟವೆಲ್ ಅಲ್ಲ, ಅದರ ದಾರದ ಕುಣಿಕೆಗಳಿಗೆ ಬಾಯಿ ಸಿಕ್ಕಿಕೊಳ್ಳುತ್ತದೆ. ತೊಳೆದು ತೊಳೆದು ಮೆದುವಾದ ಹಳೆ ಹತ್ತಿ ಪಂಚೆಯ ತುಂಡನ್ನು ಒದ್ದೆ ಮಾಡಿ, ಹಿಂಡಿ, ನಾಲ್ಕು ಮಡಿಕೆ ಮಾಡಿ ಬೇಸಿನ್ನಿನ ಎಡಕ್ಕೆ ಹಾಸುತ್ತೇನೆ. ಅಂಚಿನ ಹೊಲಿಗೆ ಕೆಳಗೆ ಹೋಗಬೇಕು. ಅಲಗನ್ನು ಅದರ ಮೇಲೆ ಪೂರ್ತಿ ಮಲಗಿಸಿ, ಬೆನ್ನಿನ ಕಡೆಗೆ ಎಳೆಯುವುದು. ಒತ್ತಬಾರದು. ಮಗುಚುವಾಗ ಬೆನ್ನಿನ ಮೇಲೆ ಹೊರಳಿಸಬೇಕು, ಬಾಯಿಯ ಮೇಲೆ ಅಲ್ಲ. ಚರ್ಮದ ಪಟ್ಟಿಗೆ ಉಜ್ಜುವಾಗ ಏನು ಮಾಡುತ್ತೇವೋ ಅದೇ. ಆಮೇಲೆ ಯೋಚನೆ ಮಾಡಿದರೆ, ಕೆನ್ನೆ ಮತ್ತು ಮಸೆಗಲ್ಲು, ಈ ಎರಡು ಕಡೆ ಮಾತ್ರ ಚೌರದ ಕತ್ತಿ ಬಾಯಿ ಮುಂದೆ ಮಾಡಿ ಹೋಗುತ್ತದೆ. ಚರ್ಮ, ಬಟ್ಟೆ, ಅಂಗೈ, ಕಾಗದ, ಉಳಿದ ಎಲ್ಲ ಕಡೆಯೂ ಬೆನ್ನು ಮುಂದೆ, ಬಾಯಿ ಹಿಂದೆ. ಇದು ಕೈಗೆ ಬಂದ ದಿನದಿಂದ ನನಗೆ ಬೇರೆ ಯಾವ ನಿಯಮವೂ ಬೇಕಾಗಿಲ್ಲ.

ಇನ್ನೊಂದು ಸಂಗತಿ ನಿಧಾನಕ್ಕೆ ಗೊತ್ತಾಯಿತು. ಪ್ರತಿ ಎಳೆತಕ್ಕೂ ಒರೆಸಬೇಕಾಗಿಯೇ ಇಲ್ಲ. ಅಲಗಿನ ಒಳಗೆ ಹೋದ ಹೊಟ್ಟೆ ಎರಡು ಮೂರು ಎಳೆತದ ನೊರೆ ಹಿಡಿದುಕೊಳ್ಳುತ್ತದೆ. ನೊರೆ ಇದ್ದರೆ ಕತ್ತಿಗೆ ತೊಂದರೆ ಇಲ್ಲ, ನಮಗೆ ಚರ್ಮ ಕಾಣುವುದಿಲ್ಲ ಅಷ್ಟೇ. ನಾನು ಮೊದಲು ಒಂದು ಗಡ್ಡಕ್ಕೆ ಮೂವತ್ತು ಸಲ ತೊಳೆಯುತ್ತಿದ್ದೆ. ಈಗ ಹತ್ತು ಹನ್ನೆರಡು ಸಲ ಒರೆಸುತ್ತೇನೆ. ಕತ್ತಿ ಅಪಾಯದ ಹತ್ತಿರ ಹೋಗುವ ಸಲವೇ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು.

ನನ್ನ ಹೆಂಡತಿಯ ತವರು ಶಿರಸಿಯ ಕಡೆ. ಅಡಿಕೆ ಸುಲಿಯುವ ಕಾಲದಲ್ಲಿ ಅಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಾರೆ. ನಾನು ಕತ್ತಿಯ ವಿಷಯ ಹೇಳುವಾಗ ಅತ್ತೆ ಕೇಳಿಸಿಕೊಂಡು, ಇದರಲ್ಲಿ ಹೊಸದೇನಿದೆ ಅನ್ನುವ ಹಾಗೆ ನೋಡಿದರು. ಸಿಪ್ಪೆಯ ನಾರು, ರಸ ಅಂಟಿದ ಅಲಗನ್ನು ಅವರು ಬಟ್ಟೆಯಲ್ಲಿ ಒರೆಸುವುದೂ ಬೆನ್ನಿನಿಂದ ಬಾಯಿಯ ಕಡೆಗೇ.

ಕಡಲ ಗಾಳಿ

ಹೊರಗಿನ ಪೆಟ್ಟು ತಪ್ಪಿಸಿದರೆ ಮುಗಿಯುವುದಿಲ್ಲ, ನಮ್ಮ ಊರಿನಲ್ಲಂತೂ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಕಿಪೆಟ್ಟಿಗೆ ಹತ್ತುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ, ಬೀರುವಿನ ಒಳಗಿನ ಬೆಲ್ಟಿಗೆ ಬೂಷ್ಟು. ನನ್ನ ಚರ್ಮದ ಪಟ್ಟಿಗೂ ಮೊದಲ ವರ್ಷ ಹಸಿರು ಬೂಷ್ಟು ಬಂದಿತ್ತು. ಇದರ ಮೇಲೆ ಕಡಲಿನ ಉಪ್ಪು. ನಮ್ಮ ಬಾವಿಯ ನೀರು ಏಪ್ರಿಲ್ ಮೇ ಹೊತ್ತಿಗೆ ಸವಳಾಗುತ್ತದೆ. ಆ ನೀರಿನಲ್ಲಿ ತೊಳೆದ ಕತ್ತಿಯನ್ನು ಸರಿಯಾಗಿ ಒರೆಸದೆ ಮಡಚಿದರೆ ಮರುದಿನ ಕಂದು ಚುಕ್ಕೆ. ಹಳೆ ಕತ್ತಿಗಳ ಉಕ್ಕು ತುಕ್ಕು ತಡೆಯುವ ಉಕ್ಕಲ್ಲ. ನೀರಿನಲ್ಲಿ ಉಪ್ಪಿದ್ದರೆ ತುಕ್ಕು ಬೇಗ ಹಿಡಿಯುತ್ತದೆ. ಬಾಯಿ ಎಲ್ಲಕ್ಕಿಂತ ತೆಳು, ಅಲ್ಲಿ ಒಂದು ಚುಕ್ಕೆ ಬಂದರೂ ಮುಕ್ಕಾದ ಹಾಗೇ ಲೆಕ್ಕ.

ಹಾಗಾಗಿ ಕೊನೆಯ ತೊಳೆತ ಕುಡಿಯುವ ನೀರಿನಲ್ಲಿ. ಆಮೇಲೆ ಒಣ ಬಟ್ಟೆಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಹಿಡಿಕೆಯ ಒಳಗೂ ಬಟ್ಟೆಯ ತುದಿ ತೂರಿಸಿ ನೀರು ತೆಗೆದು, ಅರ್ಧ ತಾಸು ಬಿಚ್ಚಿಯೇ ಇಡುತ್ತೇನೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ಅಲಗು ತಿರುಗುವ ಮೊಳೆಯ ಹತ್ತಿರ ನೀರು ಅಡಗಿ ಕೂರುತ್ತದೆ, ಅದು ಆರಬೇಕು. ಆಮೇಲೆ ಒಂದು ಹನಿ ಹೊಲಿಗೆ ಮಿಷನ್ ಎಣ್ಣೆ. ಅಪ್ಪ ತೆಂಗಿನೆಣ್ಣೆ ಹಚ್ಚುತ್ತಿದ್ದರು. ದಿನಾ ಬಳಸುವ ಕತ್ತಿಗೆ ಅದು ಸಾಕು, ತಿಂಗಳುಗಟ್ಟಲೆ ಇಟ್ಟರೆ ಕಮಟು ಬರುತ್ತದೆ. ಬಾತ್‌ರೂಮಿನ ಕಪಾಟಿನಲ್ಲಿ ಮಾತ್ರ ಇಡುವುದಿಲ್ಲ. ದೇವರ ಕೋಣೆಯ ಮೇಲಿನ ಗೂಡಿನಲ್ಲಿ, ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಇರುತ್ತದೆ.

ಭಾನುವಾರ

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅಪ್ಪ ತಾವಾಗಿಯೇ ಕೇಳಿದರು. "ಆ ಕತ್ತಿ ಈಗ ಹೇಗಿದೆ?" ತಂದು ತೋರಿಸಿದೆ. ಹತ್ತಿ ಕೇಳಿದರು. ಹಿಂಜಿ ಕೊಟ್ಟೆ. ಬುಡದಿಂದ ತುದಿಯವರೆಗೆ ಎಲ್ಲಿಯೂ ಎಳೆ ನಿಲ್ಲಲಿಲ್ಲ. ಎರಡನೇ ಸಲವೂ ನೋಡಿದರು. ಕತ್ತಿಯ ಅಗಲ ಅರ್ಧ ಮಿಲಿಮೀಟರ್ ಕಡಿಮೆಯಾಗಿರಬೇಕು, ಅವರಿಗೆ ಅದು ಗೊತ್ತಾಗಿರುತ್ತದೆ, ಹೇಳಲಿಲ್ಲ. ನನಗೊಮ್ಮೆ ಮಾಡ್ತೀಯಾ ಅಂದರು.

ಬಾತ್‌ರೂಮು ಬೇಡ ಅಂದರು. ಜಗಲಿಯಲ್ಲೇ ಕುರ್ಚಿ ಹಾಕಿದೆ. ಬಿಸಿನೀರಿನ ಬಟ್ಟಲು ತಂದೆ. ತುಂಬ ಹೊತ್ತು ಬರೀ ನೀರಿನಲ್ಲಿ ಗಡ್ಡ ಉಜ್ಜಿದೆ. ಎಂಬತ್ತು ದಾಟಿದ ಕೆನ್ನೆ, ಚರ್ಮ ಸಡಿಲ, ಎಡಗೈಯಲ್ಲಿ ಮೇಲಕ್ಕೆ ಎಳೆದು ಹಿಡಿಯದಿದ್ದರೆ ಕತ್ತಿ ನಡೆಯುವುದಿಲ್ಲ. ಮೊದಲ ಎಳೆತ ಕಿವಿಯ ಬುಡದಿಂದ ದವಡೆಯವರೆಗೆ. ಸದ್ದು ಸರಿಯಾಗಿತ್ತು. ಒಣ ಎಲೆಯ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಇನ್ನೊಂದು ಎಳೆತ. ಅಲಗಿನ ತುಂಬ ನೊರೆ ಬಂತು.

ಆಗ ನೋಡಿದರೆ ಬಟ್ಟೆ ಹಾಸುವುದನ್ನೇ ಮರೆತಿದ್ದೆ. ಅದು ಒಳಗೆ ಬೇಸಿನ್ನಿನ ಪಕ್ಕದಲ್ಲಿ ಇತ್ತು. ಕೈಯಲ್ಲಿ ಕತ್ತಿ, ಎದುರಿಗೆ ಸ್ಟೀಲಿನ ಬಟ್ಟಲು. ಒಂದು ಕ್ಷಣ ನನ್ನ ಬಲಗೈ ಬಟ್ಟಲಿನ ಕಡೆಗೇ ಹೊರಟಿತು, ನಿಜ ಹೇಳುತ್ತೇನೆ. ಅಪ್ಪನ ಬಾಯಿಯ ಸುತ್ತ ನೊರೆ, ಮಾತಾಡುವ ಹಾಗಿಲ್ಲ. ಅವರು ಕಣ್ಣು ತೆರೆದು ನನ್ನ ಕೈಯನ್ನು ನೋಡಿದರು. ಆಮೇಲೆ ತೊಡೆಯ ಮೇಲಿದ್ದ ಎಡಗೈಯನ್ನು ನಿಧಾನಕ್ಕೆ ಎತ್ತಿ, ಅಂಗಿಯ ತೋಳು ಮೇಲೆ ಸರಿಸಿಕೊಂಡು, ಮಣಿಕಟ್ಟನ್ನು ನನ್ನ ಮುಂದೆ ಹಿಡಿದರು. ಕೈ ನಡುಗುತ್ತಿತ್ತು. ನಾನು ಕೆಳಗಿನಿಂದ ಅದನ್ನು ನನ್ನ ಎಡಗೈಯಲ್ಲಿ ಹಿಡಿದುಕೊಂಡೆ, ನಡುಕ ನಿಂತಿತು. ಅಲಗನ್ನು ಮಲಗಿಸಿ, ಬೆನ್ನು ಮುಂದೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ ಒಂದು ಗೆರೆ ಒರೆಸಿದೆ. ಅಪ್ಪ ಮತ್ತೆ ಕಣ್ಣು ಮುಚ್ಚಿ ಮುಖ ಎತ್ತಿದರು.